ತಿರುವಿನ ಕೆಳಗಿನ ಬಾವಿ

ಆ ಕಿಟಕಿ ಸ್ವಲ್ಪ ಮುಚ್ಚಿ. ಹೈವೇ ಸದ್ದು ಕಿವಿಗೆ ಬೀಳುತ್ತಿದ್ದರೆ ನನಗೆ ಈ ಕತೆ ಹೇಳಲಾಗುವುದಿಲ್ಲ... ಹ್ಞಾಂ, ಸಾಕು.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಅವಳನ್ನು ನಾವೆಲ್ಲ ಟೇಪಕ್ಕ ಅಂತಲೇ ಕರೆಯುವುದು. ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುವ ಅಂಗಡಿಯಲ್ಲಿ ಕೆಲಸ. ಅಳತೆಯ ಟೇಪು ಸದಾ ಕೊರಳಲ್ಲೇ. ಮಲಗುವಾಗಲಾದರೂ ಅದನ್ನು ತೆಗಿಯೇ ಅಂದರೆ, "ಕನಸಲ್ಲಿ ಬರೋ ಗಿರಾಕಿಗಳಿಗೆ ಅಳತೆ ಯಾರು ತಗೋತಾರೆ?" ಅನ್ನುವವಳು. ದೆವ್ವ ಗಿವ್ವ ಅಂದರೆ ಮೂಗು ಮುರಿಯುವ ಹೆಂಗಸು. ಅದಕ್ಕೇ ಹೇಳುತ್ತಿದ್ದೇನೆ, ನಡುವೆ ನಗಬೇಡಿ.

ಶಾಲೆಗಳು ತೆರೆಯುವ ಸಮಯ. ಅಂಗಡಿಯಲ್ಲಿ ಯೂನಿಫಾರಂಗಳ ರಾಶಿ. ಶಟರ್ ಎಳೆಯುವಷ್ಟರಲ್ಲಿ ಬೀದಿ ನಾಯಿಗಳೂ ಮಲಗಿಬಿಟ್ಟಿದ್ದವು. ಟೇಪಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳ ದಾರಿ ಹೈವೇ ಕೆಳಗೇ. ಎರಡೂ ಕಡೆ ಪಿಲ್ಲರ್, ನಡುವೆ ಕತ್ತಲು, ತಲೆಯ ಮೇಲೆ ಊರಿಡೀ ಓಡಾಟ. ಅದರ ಕೆಳಗೆ ನಡೆದವರಿಗೆ ಗೊತ್ತು, ರಸ್ತೆಯ ತುಂಡುಗಳು ಕೂಡುವ ಕಡೆ ಚಕ್ರ ಹಾಯ್ದರೆ ಒಂದು ಸದ್ದು ಬರುತ್ತದೆ. ಕಾರಾದರೆ ದಡ್-ದಡ್. ಲಾರಿಯಾದರೆ ದಡಾಡ್-ದಡಾಡ್. ಅವಳಿಗೆ ಅದು ಕೇಳಿಸುವುದೂ ಇಲ್ಲ, ಅಷ್ಟು ರೂಢಿ.

ತಿರುವಿನ ಹತ್ತಿರ ಬಂದಳು. ಹೈವೇ ಅಲ್ಲಿಯವರೆಗೂ ದಾರ ಹಿಡಿದು ಎಳೆದ ಹಾಗೆ ನೇರ ಬಂದು, ಅಲ್ಲೊಂದು ಕಡೆ ಸುಮ್ಮನೆ ಸೊಂಟ ಬಳುಕಿಸುತ್ತದೆ. ಆ ತಿರುವಿನ ಕೆಳಗೆ ಉಳಿದವಕ್ಕಿಂತ ದಪ್ಪನೆಯ ಒಂದು ಪಿಲ್ಲರ್. ಅದರ ಪಕ್ಕ ಬಂದಾಗ, ಮೇಲೆ ಗಾಡಿಗಳ ಸದ್ದು ನಿಂತಿತು. ಒಂದೂ ಇಲ್ಲ. ಅಂಥ ಮೌನ ಆ ಜಾಗದಲ್ಲಿ ಅವಳು ಕೇಳಿಯೇ ಇರಲಿಲ್ಲ...

ಆಗ ಕೇಳಿಸಿತು.

ಕಿರ್ರ್... ಕಿರ್ರ್... ಟಕ್.

ಕಿರ್ರ್ ಅನ್ನುವುದಕ್ಕೆ ಸಾವಿರ ವಸ್ತುಗಳಿವೆ ಬಿಡಿ. ಆದರೆ ಆ 'ಟಕ್'? ಅದು ಎಂದೋ ಮುಚ್ಚಿಹೋದ, ಅವರ ಹಳೆಯ ಬೀದಿಯ ಬಾವಿಯ ರಾಟೆಯದು. ರಾಟೆಯ ಅಂಚು ಒಂದು ಕಡೆ ಮುಕ್ಕಾಗಿತ್ತು. ಒಂದೊಂದು ಸುತ್ತಿಗೂ ಹಗ್ಗ ಅಲ್ಲಿ ಎಡವಿ ಟಕ್ ಅನ್ನುತ್ತಿತ್ತು. ಚಿಕ್ಕಂದಿನಿಂದ ನೀರು ಸೇದಿದ ಕೈ ಅದನ್ನು ಮರೆಯುತ್ತದೆಯೇ? ಆ ಸದ್ದು ಈಗ ಬರುತ್ತಿದ್ದದ್ದು ಪಿಲ್ಲರ್ ಒಳಗಿನಿಂದ. ಗಟ್ಟಿ ಕಾಂಕ್ರೀಟಿನ ಒಳಗಿನಿಂದ.

ಕಿರ್ರ್... ಕಿರ್ರ್... ಟಕ್.

ಆಮೇಲೆ ಪಿಸುಮಾತು. ಕಿವಿಯ ಹತ್ತಿರವೇ.

"ಸರದಿ ಯಾರದು?"

ಓಡಬೇಕಿತ್ತು ಅಲ್ಲವೇ? ಯಾರಾದರೂ ಓಡುತ್ತಿದ್ದರು. ಆದರೆ ಆ ಬೀದಿಯಲ್ಲಿ ಹುಟ್ಟಿದವರಿಗೆ ಆ ಪ್ರಶ್ನೆ ಕೇಳಿದರೆ ಬಾಯಿ ತಾನಾಗಿ ತೆರೆಯುತ್ತದೆ. ಟೇಪಕ್ಕನ ಬಾಯೂ ತೆರೆಯಿತು.

"ನಮ್ ಮನೇದು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಒಳಗೆಲ್ಲೋ ಕೊಡ ಮುಳುಗಿದ ಸದ್ದು... ದುಡುಮ್. ಮೇಲೆ ಒಂದು ಲಾರಿ ದಡಾಡ್-ದಡಾಡ್ ಅಂತ ಹಾಯಿತು. ಅವಳು ಕಾಲಿಗೆ ಬುದ್ಧಿ ಹೇಳಿದಳು.

ಈ ಸರದಿಯ ವಿಷಯ ನಿಮಗೆ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಹೈವೇ ಮೊದಲು ಆ ಕಡೆ ಬರಬೇಕಾದದ್ದೇ ಅಲ್ಲ. ಮೊದಲು ಗೆರೆ ಎಳೆದದ್ದು ರೈಲ್ವೆ ಹಳಿಗಳ ಪಕ್ಕಕ್ಕೆ, ನೇರವಾಗಿ. ಅಲ್ಲಿ ದೊಡ್ಡವರ ಗೋದಾಮುಗಳಿದ್ದವು. ದೊಡ್ಡವರು ಕೆಮ್ಮಿದರು, ಗೆರೆ ಪಕ್ಕಕ್ಕೆ ಸರಿಯಿತು. ಆಮೇಲೆ ಚರಂಡಿಯ ಮೇಲೆ ಅಂದರು. ಮಣ್ಣು ಸಡಿಲ ಅಂತ ಅದನ್ನೂ ಬಿಟ್ಟರು. ಕೊನೆಗೆ ಕೆಮ್ಮಲೂ ಉಸಿರಿಲ್ಲದ ಒಂದು ಬೀದಿ ಸಿಕ್ಕಿತು. ಗೋಡೆಗೆ ಗೋಡೆ ಅಂಟಿದ ಮನೆಗಳು, ತುದಿಯಲ್ಲಿ ಬೇಕರಿ, ನಡುವೆ ಬಾವಿ. ಇವತ್ತು ನೀವು ಕಾರಿನಲ್ಲಿ ಆ ತಿರುವು ಹಾಯುವಾಗ ಮೈ ಒಂದು ಕಡೆ ವಾಲುತ್ತದಲ್ಲ, ಆಗ ನೀವು ವಾಲುವುದು ನಮ್ಮ ದೊಡ್ಡಮ್ಮನ ಅಡುಗೆಮನೆಯ ಮೇಲೆ.

ಬೀದಿಯವರು ಸುಮ್ಮನೆ ಬಿಟ್ಟುಕೊಡಲಿಲ್ಲ. ಜನ ದಿನವೂ ಕುಡಿಯುವ ನೀರಿನ ಬಾವಿಯನ್ನು ಹಾಗೆಲ್ಲ ಮುಚ್ಚುವಂತಿಲ್ಲ ಅಂತ ಬೇಕರಿ ಯಜಮಾನರಿಗೆ ಒಬ್ಬ ವಕೀಲರು ಹೇಳಿದ್ದರು. ಕೋರ್ಟಿಗೆ ಹೋದರು. ನಲ್ಲಿ ಬಂದ ಮೇಲೆ ಬಾವಿಯ ಕಡೆ ತಿರುಗಿಯೂ ನೋಡದಿದ್ದವರೆಲ್ಲ ಮತ್ತೆ ಕೊಡ ಹಿಡಿದರು. ನೀರಿಗೆ ಯಾರಾದರೂ ಏನಾದರೂ ಸುರಿದಾರು ಅನ್ನುವ ಭಯ. ಅದಕ್ಕೆ ರಾತ್ರಿ ಕಾವಲು, ಮನೆಗೊಂದು ಸರದಿ. ಕತ್ತಲಲ್ಲಿ ಬಾವಿಯ ಹತ್ತಿರ ಯಾರೇ ಬಂದರೂ "ಸರದಿ ಯಾರದು?" ಅಂತ ಕೂಗಬೇಕು. ಕಾಯುತ್ತಿದ್ದವರು ತಮ್ಮ ಮನೆ ಹೇಳಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ರಾತ್ರಿ ಕಾದವರು ಬೆಳಿಗ್ಗೆ ಮೊದಲ ಕೊಡ ಸೇದಿ, ಮೊದಲ ಬೊಗಸೆ ತಾವೇ ಎಲ್ಲರೆದುರು ಕುಡಿಯಬೇಕು. ನೀರು ಚೆನ್ನಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಕೋರ್ಟಿನಿಂದ ಸಾಹೇಬರೊಬ್ಬರು ಬಾವಿ ನೋಡಲು ಬರುವುದು ಅಂತಾಯಿತು. ಹಿಂದಿನ ರಾತ್ರಿ ಕಾವಲಿಗೆ ಇಬ್ಬರು. ಒಬ್ಬ ಟೇಪಕ್ಕನ ಸ್ವಂತ ಅಣ್ಣ. ಇನ್ನೊಬ್ಬ ಪಂಪ್ ರಿಪೇರಿ ಮಾಡುವವನು.

ಈ ಪಂಪಿನವನು ಟೇಪಕ್ಕನನ್ನು ಮದುವೆಯಾಗಬೇಕಿದ್ದವನು. ಆಗಿನ್ನೂ ಅವಳು ಅಕ್ಕ ಆಗಿರಲಿಲ್ಲ. ಕೊರಳಲ್ಲಿ ಟೇಪು ನೋಡಿ ಅವನು "ಏ ಟೇಪೂ" ಅಂತ ಕರೆಯುತ್ತಿದ್ದ. ಹಾಗೆ ಕರೆಯುವವನು ಅವನೊಬ್ಬನೇ. ಆಮೇಲೆ ಊರವರು ಅದಕ್ಕೆ ಅಕ್ಕ ಸೇರಿಸಿಕೊಂಡರು, ಅಷ್ಟೇ.

ಬೆಳಕು ಹರಿಯಿತು. ಬೀದಿಯೆಲ್ಲ ಬಾವಿಯ ಸುತ್ತ ಸೇರಿತ್ತು. ಸಾಹೇಬರೂ ಬಂದರು. ಪಂಪಿನವನು ಕೊಡ ಸೇದಿದ. ಟೇಪಕ್ಕನ ಅಣ್ಣ, "ನೀನೇ ಕುಡಿ ಮೊದಲು" ಅಂದ. ಪಂಪಿನವನು ಹೆಮ್ಮೆಯಿಂದ ಸಾಹೇಬರ ಮುಖವನ್ನೇ ನೋಡುತ್ತ ಬೊಗಸೆ ಎತ್ತಿ ಗಟಗಟ ಕುಡಿದ... ಕುಡಿದವನೇ ಬಾವಿಕಟ್ಟೆ ಹಿಡಿದುಕೊಂಡು ಕಾರಿದ. ಕಪ್ಪಗೆ. ಕೊಡ ಬಗ್ಗಿಸಿ ನೋಡಿದರೆ ನೀರಿನ ಮೇಲೆ ಸುಟ್ಟ ಎಂಜಿನ್ ಎಣ್ಣೆ. ಅಂಥ ಎಣ್ಣೆಯ ಡಬ್ಬಿಗಳಿದ್ದದ್ದು ಬೀದಿಗೆಲ್ಲ ಒಂದೇ ಅಂಗಡಿಯಲ್ಲಿ. ಅವನ ಅಂಗಡಿಯಲ್ಲಿ.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಹೋದರು. ಕೇಸು ಹೋಯಿತು. ಬೀದಿ ಹೋಯಿತು.

"ನಾನಲ್ಲ ಟೇಪೂ," ಅಂದ ಅವನು, ಇನ್ನೂ ಬಾಯಿ ಒರೆಸಿಕೊಳ್ಳುತ್ತ. "ನಿಮ್ ಅಣ್ಣನ್ನ ಕೇಳು. ನಾನು ಒಂದ್ ಗಳಿಗೆ ತೂಕಡಿಸಿದ್ದೆ ಅಷ್ಟೆ."

ಎಲ್ಲರೆದುರು ಅವಳು ಅವನ ಕೆನ್ನೆಗೆ ಬಾರಿಸಿದಳು. "ನನ್ನ ಅಣ್ಣನ ಮೇಲೆ ಹಾಕ್ತೀಯಾ? ನಾಚಿಕೆ ಆಗಲ್ವಾ?" ಅಂದಳು. ಕುಡಿದು ಕಾರಿದ್ದೂ ನಾಟಕ ಅಂತ ಬೀದಿಯವರು ತೀರ್ಮಾನ ಮಾಡಿದರು. ಅವಳೂ ನಂಬಿದಳು. ನಂಬದೆ ಏನು ಮಾಡುತ್ತಾಳೆ? ಅಪ್ಪ ಅಮ್ಮ ಹೋದ ಮೇಲೆ ಎತ್ತಿ ಸಾಕಿದ ಅಣ್ಣ.

ಆಮೇಲೆ ಪಂಪಿನವನಿಗೆ ಬೀದಿಯಲ್ಲಿ ಯಾರೂ ಕೆಲಸ ಕೊಡಲಿಲ್ಲ. ಮನೆಗಳನ್ನು ಕೆಡವಿದರು. ಬಾವಿ ಇದ್ದಲ್ಲೇ ಪಿಲ್ಲರಿಗೆ ಗುಂಡಿ ತೆಗೆದರು. ಆದರೆ ಆ ಬಾವಿಯ ಒರತೆ ನಿಲ್ಲಲೊಲ್ಲದು. ಎಷ್ಟು ಎತ್ತಿದರೂ ಬೆಳಗಾಗುವುದರಲ್ಲಿ ಮತ್ತೆ ತುಂಬುತ್ತಿತ್ತು. ಆಗ ಹೈವೇ ಕಟ್ಟುವ ಕಂಪನಿಯವರು ನೀರು ಖಾಲಿ ಮಾಡಲು ಅವನನ್ನೇ ಕರೆದರು. ಹಸಿದವನು, ಹೋದ. "ನೋಡಿದ್ರಾ, ಅವರ ಕಡೆಯೋನೇ" ಅಂದಿತು ಬೀದಿ. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಅವನು ಇರಲಿಲ್ಲ. ಕೂಲಿ ಇಸಕೊಂಡು ಊರು ಬಿಟ್ಟ ಅಂತ ಸುದ್ದಿ. ಅವನು ಬಸ್ ಹತ್ತಿದ್ದನ್ನು ಕಣ್ಣಾರೆ ಕಂಡೆ ಅಂತ ಟೇಪಕ್ಕನ ಅಣ್ಣನೇ ಬಂದು ಹೇಳಿದ. ಅಣ್ಣನಿಗೆ ಅಷ್ಟರಲ್ಲಿ ಅದೇ ಕಂಪನಿಯಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಅದೃಷ್ಟ ಅಂದುಕೊಂಡರು.

ಇಪ್ಪತ್ತು ವರ್ಷ ಕಳೆಯಿತು. ಅಣ್ಣ ತಂಗಿ ಹೈವೇ ಆಚೆಯ ಕಟ್ಟಡವೊಂದರಲ್ಲಿ ಎರಡು ಕೋಣೆ ಹಿಡಿದು ಬದುಕಿದರು. ಇವಳು ಬೇರೆ ಮದುವೆಯಾಗಲಿಲ್ಲ. ಅಣ್ಣನೂ ಆಗಲಿಲ್ಲ. "ನಿನ್ನ ಬಿಟ್ಟು ನಂಗ್ಯಾರಿದ್ದಾರೆ?" ಅನ್ನುತ್ತಿದ್ದ. ಹೈವೇ ಮೇಲೆ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿ ಅವನದು. ಅವಳು ಅವನ ಅಂಗಿ ಹೊಲಿದಳು, ಅವನಿಗೆ ಊಟ ಬಡಿಸಿದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಈಗ ಹೈವೇ ಹಳೆಯದಾಯಿತಂತೆ. ಅದನ್ನು ಕೆಡವಿ ನೆಲದೊಳಗೆ ಸುರಂಗ ಮಾಡುತ್ತಾರಂತೆ. ಒಂದು ಊರನ್ನು ಮೇಲಿನಿಂದ ಹಾಳು ಮಾಡಿ ಮುಗಿಯಿತು, ಇನ್ನು ಕೆಳಗಿನಿಂದ. ಟೇಪಕ್ಕ ಆ ಸದ್ದು ಕೇಳಿದ ವಾರವೇ ಕಾಂಕ್ರೀಟ್ ಪರೀಕ್ಷೆ ಮಾಡುವವರು ಬಂದು ಒಂದೊಂದು ಪಿಲ್ಲರಿಗೂ ಬೆರಳು ಗಾತ್ರದ ತೂತು ಕೊರೆದು ಹೋಗಿದ್ದರು. ತಿರುವಿನದಕ್ಕೂ.

ಪಿಲ್ಲರ್ ಬಿಟ್ಟು ಓಡಿದಳಲ್ಲ, ಆ ರಾತ್ರಿ ಟೇಪಕ್ಕ ಏದುಸಿರು ಬಿಡುತ್ತ ಮನೆ ಸೇರಿದಳು. ಚೀಲ ಇಳಿಸಿದಳು. ಚೀಲ ಭಾರ... ಒಳಗಿದ್ದ ಸ್ಟೀಲ್ ಬಾಟಲಿ ತುಂಬಿತ್ತು. ಅಂಗಡಿಯಲ್ಲಿ ಅದನ್ನು ಖಾಲಿ ಮಾಡಿ ಮುಚ್ಚಳ ಹಾಕಿದವಳು ಅವಳೇ. ಯಾರೋ ಹುಡುಗಿಯರು ತುಂಬಿಸಿರಬೇಕು ಅಂದುಕೊಂಡು ಒಂದು ಗುಟುಕು ಕುಡಿದಳು. ಕೈ ಅಲ್ಲೇ ನಿಂತಿತು. ತಣ್ಣಗೆ, ಸಿಹಿ, ಕೊನೆಗೆ ನಾಲಿಗೆಯ ಮೇಲೆ ಕಬ್ಬಿಣದ ಒಂದು ಸಣ್ಣ ರುಚಿ. ಅವರ ಬಾವಿಯ ನೀರು.

ಭಯವಾಗಬೇಕಿತ್ತು. ಆಗಲಿಲ್ಲ, ಅಳು ಬಂತು ಅಂದಳು ನನ್ನ ಹತ್ತಿರ.

ಅಣ್ಣ ಕೆಲಸ ಮುಗಿಸಿ ಬಂದ. ಊಟಕ್ಕೆ ಕೂತ. ಅವಳು ಏನನ್ನೂ ಹೇಳದೆ ಆ ನೀರನ್ನೇ ಲೋಟಕ್ಕೆ ಬಗ್ಗಿಸಿಟ್ಟಳು. ಇಷ್ಟು ವರ್ಷದ ಮೇಲೆ ಅವನೂ ಆ ರುಚಿ ನೋಡಲಿ, ಅವನಿಗೂ ನೆನಪಾಗಲಿ ಅನ್ನುವ ಆಸೆ, ಅಷ್ಟೇ. ಅವನು ಲೋಟ ತುಟಿಗೆ ತಂದ.

"ಥೂ!" ಲೋಟ ದೂರ ತಳ್ಳಿದ. "ಇದೇನಿದು, ಸುಟ್ಟೆಣ್ಣೆ ನಾತ!"

ಅವಳು ಮೂಸಿದಳು. ಏನೂ ಇಲ್ಲ. ತಾನೇ ಕುಡಿದಳು. ಒಳ್ಳೆಯ ನೀರು. ಅಣ್ಣ ಕೈತೊಳೆದು ಎದ್ದುಹೋಗಿ ಮಲಗಿದ. ಅವಳು ಮಾತ್ರ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದಳು.

ಮರುರಾತ್ರಿ ಅವಳು ಬೇಕೆಂದೇ ತಡಮಾಡಿ ಹೊರಟಳು. ತಿರುವಿನಲ್ಲಿ ಅದೇ ಮೌನ. ಕಿರ್ರ್... ಕಿರ್ರ್... ಟಕ್. ಅದೇ ಪಿಸುಮಾತು. ಅವಳು ಅದೇ ಉತ್ತರ ಕೊಟ್ಟಳು. ಹೆಗಲ ಮೇಲೆ ಚೀಲ ನಿಧಾನವಾಗಿ ಭಾರವಾಗುತ್ತ ಹೋದದ್ದು ಅವಳಿಗೆ ಗೊತ್ತಾಯಿತು.

ಮನೆಯಲ್ಲಿ ಎರಡು ಲೋಟ ಇಟ್ಟಳು. ಒಂದೇ ಥರದ ಲೋಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬಾಟಲಿಯದು. ಅಣ್ಣ ಮೊದಲನೆಯದನ್ನು ಎತ್ತಿ ಗಟಗಟ ಕುಡಿದ. ಎರಡನೆಯದಕ್ಕೆ ಕೈ ಚಾಚಿದವನು ನಡುವೆಯೇ ನಿಲ್ಲಿಸಿದ.

"ತೆಗಿ ಅದನ್ನ."

"ಯಾಕಣ್ಣ? ನೀರು ತಾನೇ?"

"ತೆಗಿ ಅಂದ್ನಲ್ಲ. ಆ ಬಾವಿ ನೀರು ನಂಗೆ ಬೇಡ."

ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಟೇಪಕ್ಕ ಎರಡೂ ಕೈಯಲ್ಲಿ ಟೇಪಿನ ಎರಡು ತುದಿ ಹಿಡಿದುಕೊಂಡಳು.

"ಬಾವಿ ಅಂತ ನಾನ್ ಹೇಳ್ಲೇ ಇಲ್ವಲ್ಲಣ್ಣ," ಅಂದಳು ಮೆಲ್ಲಗೆ.

ಅವನು ತಟ್ಟೆ ನೋಡಿದ.

"ಎಣ್ಣೆ ಸುರಿದಿದ್ದು ನೀನಾ?"

"ಅವರು ಹೇಗಿದ್ರೂ ರಸ್ತೆ ಮಾಡೇ ಮಾಡ್ತಿದ್ರು ಕಣೇ. ಇವತ್ತಲ್ಲ ನಾಳೆ. ಒಂದ್ ಕೆಲ್ಸನಾದ್ರೂ ಸಿಗ್ಲಿ ಅಂತ... ನಿನಗೋಸ್ಕರ..."

"ನನ್ನ ಹೆಸರು ಎತ್ಬೇಡ."

ಇಷ್ಟು ವರ್ಷ ಅವಳು ಬಡಿಸಿದ ಒಂದೊಂದು ಊಟವೂ ಈಗ ಅವಳ ಎದುರು ಬಂದು ನಿಂತು ಹಲ್ಲು ಕಿರಿಯುತ್ತಿತ್ತು. ತಾನು ಬಾರಿಸಿದ್ದು ಯಾರ ಕೆನ್ನೆಗೆ, ಬಾರಿಸಬೇಕಾದದ್ದು ಯಾರ ಕೆನ್ನೆಗೆ! ಹೊರಗಿನವರು ಕೈಕೊಟ್ಟಿದ್ದರೆ ಊರೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಏನು ಬೈಯುವುದು, ಯಾರ ಹತ್ತಿರ ಹೇಳಿಕೊಳ್ಳುವುದು?

ಆಮೇಲೆ ಇನ್ನೊಂದು ನೆನಪಾಯಿತು.

"ಅವನು ಬಸ್ ಹತ್ತಿದ್ದನ್ನ ನೋಡ್ದೆ ಅಂದಿದ್ಯಲ್ಲ?"

ಅವನು ಲೋಟವನ್ನು ಇನ್ನಷ್ಟು ದೂರ ಸರಿಸಿದ.

"ಅಣ್ಣಾ."

"ಹಾಗ್ ಹೇಳು ಅಂದ್ರು ಕಂಪನಿಯೋರು." ಅವನ ದನಿ ಪಿಸುಗುಟ್ಟುತ್ತಿತ್ತು. "ಬೆಳಿಗ್ಗೆ ನಾನ್ ಹೋದಾಗ ಪಂಪು ಓಡ್ತಾನೇ ಇತ್ತು. ಗುರ್ರ್ ಅಂತ... ಬರೀ ಗಾಳಿ ಎಳೀತಾ. ಗುಂಡಿ ಅಂಚಲ್ಲಿ ಅವನ ಅಂಗಿ ಬಿದ್ದಿತ್ತು. ಮಣ್ಣು ಒಂದ್ ಕಡೆ ಕುಸಿದಿತ್ತು. ಕಾಂಕ್ರೀಟ್ ಲಾರಿ ಬಂದು ನಿಂತಿತ್ತು..."

"ಇಣುಕಿ ನೋಡ್ಲಿಲ್ವಾ?"

"ಯಾರೂ ನೋಡ್ಲಿಲ್ಲ ಕಣೇ."

ಅವಳು ಎದ್ದಳು. ಕಿರುಚಲಿಲ್ಲ, ಅಳಲಿಲ್ಲ. ಹೊಲಿಗೆ ಕತ್ತರಿ, ಎರಡು ಸೀರೆ, ಬಾಟಲಿ ಚೀಲಕ್ಕೆ ಹಾಕಿಕೊಂಡಳು. "ಈ ಹೊತ್ತಲ್ಲಿ ಎಲ್ಲಿಗ್ ಹೋಗ್ತೀಯೇ?" ಅಂತ ಅಣ್ಣ ಬಾಗಿಲಿಗೆ ಅಡ್ಡ ನಿಂತ. ಅವಳು ಅವನ ಮುಖವನ್ನೇ ನೋಡಿದಳು. ಅವನು ಪಕ್ಕಕ್ಕೆ ಸರಿದ.

ತಿರುವಿನ ಕೆಳಗೆ ಬಂದು ಪಿಲ್ಲರಿಗೆ ಹಣೆ ಹಚ್ಚಿ ನಿಂತಳು. ಕಾಂಕ್ರೀಟು ತಣ್ಣಗಿತ್ತು. ಮೇಲೆ ಗಾಡಿಗಳು ನಿಂತವು...

ಕಿರ್ರ್... ಕಿರ್ರ್... ಟಕ್.

"ಸರದಿ ಯಾರದು?"

"ನಂದು," ಅಂದಳು. "ನನ್ನೊಬ್ಬಳದೇ. ಆ ಮನೇದಲ್ಲ."

ರಾಟೆ ನಿಂತಿತು.

"ನಿನ್ನ ನಂಬಲಿಲ್ಲ ಕಣೋ," ಅಂದಳು. "ಎಲ್ಲರ ಮುಂದೆ ಹೊಡೆದೆ. ನೀನು ಓಡಿಹೋದೆ ಅಂತ ಇಷ್ಟು ವರ್ಷ ನಿನ್ನನ್ನೇ ಶಪಿಸ್ತಾ ಇದರ ಪಕ್ಕದಲ್ಲೇ ಓಡಾಡ್ದೆ. ದಿನಾ. ನೀನಿಲ್ಲೇ ಇದ್ದೆ."

ಆಮೇಲೆ, ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ, ತೀರ ಹತ್ತಿರದಿಂದ...

"ಬಂದ್ಯಾ ಟೇಪೂ?"

ಅವಳು ಬೊಗಸೆ ಒಡ್ಡಿದಳು. ಯಾಕೆ ಒಡ್ಡಿದೆ ಅಂತ ಅವಳಿಗೂ ಗೊತ್ತಿಲ್ಲ. ಬೊಗಸೆ ತುಂಬಿತು. ಮೊದಲ ಬೊಗಸೆ, ಕುಡಿದಳು.

ಬೆಳಗಾಗುವಾಗ ನಮ್ಮ ಮನೆಯ ಬಾಗಿಲು ತಟ್ಟಿದಳು. ಮೊಣಕೈವರೆಗೂ ಒದ್ದೆ. ಅವತ್ತಿನಿಂದ ನಮ್ಮ ಜೊತೆಗೇ ಇದ್ದಾಳೆ. ಕಂಪನಿಗೆ ಹೋಗಿ ಹೇಳಿದೆವು, ಪೊಲೀಸರಿಗೂ ಹೇಳಿದೆವು. ಕಂಪನಿ ಯಾವತ್ತೋ ಕೈ ಬದಲಾಗಿತ್ತು. "ನಿಮ್ಮ ಮಾತಿಗೆ ಹೈವೇ ಒಡೆದು ನೋಡಕ್ಕಾಗತ್ತೇನ್ರಿ?" ಅಂದರು. ಅವಳ ಅಣ್ಣ ಪೊಲೀಸರ ಮುಂದೆ ಮತ್ತೆ ಅದೇ ಹೇಳಿದ, ಬಸ್ ಹತ್ತಿದ್ದನ್ನು ಕಂಡೆ ಅಂತ. ಇನ್ನೊಂದು ಸಲ ಕೈಕೊಟ್ಟ. ಅವನು ಬದುಕಿದ್ದಾನೆ, ಆರೋಗ್ಯವಾಗೇ ಇದ್ದಾನೆ. ನೀರು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ, ಈಗ ನಲ್ಲಿಯದೂ ಸೇರಿ. ಎಲ್ಲದರಲ್ಲೂ ನಾತ ಬರುತ್ತದಂತೆ. ಸೋಡಾ ಕುಡಿದೇ ಕಾಲ ತಳ್ಳುತ್ತಿದ್ದಾನೆ.

ಟೇಪಕ್ಕ ಈಗ ಕಾಯುತ್ತಿರುವುದು ಒಂದಕ್ಕೇ. ಹೈವೇ ಕೆಡವುತ್ತಾ ಕೆಡವುತ್ತಾ ಅವರು ತಿರುವಿನವರೆಗೆ ಬರಬೇಕು. "ಆ ಪಿಲ್ಲರ್ ಒಡೆಯೋ ದಿನ ನಾನಲ್ಲಿರಬೇಕು ಕಣೇ, ಅವನನ್ನ ಕರ್ಕೊಂಡ್ ಬರಬೇಕು" ಅನ್ನುತ್ತಾಳೆ. ಅಲ್ಲಿಯವರೆಗೆ ಒಂದು ರಾತ್ರಿಯೂ ಆ ಪಿಲ್ಲರಿನ ಹತ್ತಿರದ ಸರದಿ ತಪ್ಪಿಸುವುದಿಲ್ಲ.

ನಾನು ಸುಳ್ಳು ಹೇಳುತ್ತಿಲ್ಲ. ಇದು ನಡೆದದ್ದೇ. ನಂಬದಿದ್ದರೆ ಹಗಲಲ್ಲೇ ಹೋಗಿ ನೋಡಿ. ಆ ಪಿಲ್ಲರಿನ ಒಂದು ಅಂಚಿನಲ್ಲಿ, ಸೊಂಟದ ಎತ್ತರಕ್ಕೆ, ಒಂದು ಗೀರಿದೆ. ಹಳೆಯ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೀಳುತ್ತದಲ್ಲ, ಅಂಥದ್ದು. ಹೈವೇಯವರು ಅದಕ್ಕೆ ಎಷ್ಟೋ ಸಲ ಸಿಮೆಂಟ್ ಮೆತ್ತಿದ್ದಾರೆ. ಮತ್ತೆ ಬೀಳುತ್ತದೆ. ಮೊನ್ನೆ ನಾನೇ ಬೆರಳಿಟ್ಟು ನೋಡಿದೆ. ನಯವಾಗಿತ್ತು. ಒದ್ದೆಯಾಗಿತ್ತು.